ಸೆಟ್ಟಿಗೆ ಹೋಗಿ ನಿಂತರೆ ಹಾಡು ಸಿಗುತ್ತಾ?

"ನಿನ್ನ ಹಾಡು ಸಿನಿಮಾದಲ್ಲಿ ಬರಬೇಕು ಅಂದ್ರೆ ರೂಮಲ್ಲಿ ಕೂತು ಕೀಬೋರ್ಡ್ ಒತ್ತಿದ್ರೆ ಆಗಲ್ಲ ಗುರು. ಶೂಟಿಂಗ್ ನಡೆಯೋ ಕಡೆ ಹೋಗು. ನಾಲ್ಕು ಜನರ ಕಣ್ಣಿಗೆ ಬೀಳು. ಇಲ್ಲಿ ಎಲ್ಲಾ ಪರಿಚಯದ ಮೇಲೇ ನಡೆಯೋದು."

ಬೆಂಗಳೂರಿನಲ್ಲಿ ಹಾಡು ಕಟ್ಟುವ ಹುಚ್ಚು ಹತ್ತಿಸಿಕೊಂಡ ಯಾರನ್ನೇ ಕೇಳಿ, ಈ ಉಪದೇಶ ಒಂದಲ್ಲ ಒಂದು ಸಲ ಕಿವಿಗೆ ಬಿದ್ದಿರುತ್ತೆ. ನಮ್ಮ ಆಫೀಸಿನಲ್ಲೇ ಅಂಥವರು ಆರೇಳು ಜನ ಇದ್ದಾರೆ. ಹಗಲು ಬಗ್ ಸರಿಮಾಡುತ್ತಾರೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ರಾಗ ಹುಡುಕುತ್ತಾರೆ. ಅವರಲ್ಲಿ ಇಬ್ಬರು ಈ ಮಾತು ನಂಬಿ, ರಜೆ ಹಾಕಿ, ಕಂಠೀರವ ಸ್ಟುಡಿಯೋ, ಮಿನರ್ವ ಮಿಲ್ ಅಂತ ಸುತ್ತಿ ಬಂದರು. ಜೇಬಲ್ಲಿ ಪೆನ್‌ಡ್ರೈವ್ ಇತ್ತು. ಸಿಕ್ಕಿದ್ದು ಪ್ರೊಡಕ್ಷನ್ ಊಟ, ಹತ್ತಿಪ್ಪತ್ತು ಫೋನ್ ನಂಬರ್, ನಾಯಕನಟನ ಜೊತೆ ಒಂದು ಸೆಲ್ಫಿ. ಊಟ ಚೆನ್ನಾಗಿತ್ತಂತೆ.

ಈ ಉಪದೇಶ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಸಿನಿಮಾ ಪರಿಚಯದ ಮೇಲೆ ನಡೆಯುತ್ತೆ ಅನ್ನೋದು ನಿಜವೇ. ಆದರೆ ಯಾವ ಪರಿಚಯ, ಎಲ್ಲಿ ಆದದ್ದು, ಎಷ್ಟು ವರ್ಷದ್ದು ಅನ್ನೋದನ್ನ ಈ ಮಾತು ನುಂಗಿಹಾಕುತ್ತೆ. ನನ್ನ ದೊಡ್ಡ ತಕರಾರು ಇನ್ನೊಂದಿದೆ. ಹೀಗೆ ಮುಖ ತೋರಿಸಿ ಹಾಡು ಗಿಟ್ಟಿಸುವುದೇ ದಾರಿ ಅಂತಾದರೆ ಸಂಗೀತದ ಗತಿ ಏನು, ಯಾರ ಸಂಗೀತ ಹೊರಗೇ ಉಳಿಯುತ್ತೆ ಅಂತ ಯಾರೂ ಕೇಳುತ್ತಿಲ್ಲ.

ಮೊದಲು ಸೆಟ್ಟಿನ ವಿಷಯ. ನಮ್ಮಲ್ಲಿ ಹಾಡಿನ ಕೆಲಸ ಶುರುವಾಗುವುದು ಕ್ಯಾಮೆರಾ ತಿರುಗುವುದಕ್ಕಿಂತ ಬಹಳ ಮುಂಚೆ. ನಿರ್ದೇಶಕರು, ಸಂಗೀತ ನಿರ್ದೇಶಕರು ಯಾವುದೋ ಹೋಟೆಲ್ ರೂಮಿನಲ್ಲೋ ಸ್ಟುಡಿಯೋದಲ್ಲೋ ಕೂರುತ್ತಾರೆ. ಇವರು ಸನ್ನಿವೇಶ ಹೇಳುತ್ತಾರೆ, ಅವರು ಟ್ಯೂನ್ ಹಾಕುತ್ತಾರೆ. ಟ್ಯೂನ್ ಒಪ್ಪಿಗೆಯಾದ ಮೇಲೆ 'ತನನ' ಹಾಡಿ ಸಾಹಿತಿಗೆ ಕಳಿಸುತ್ತಾರೆ. ಮಾತು ಬಂದ ಮೇಲೆ ಟ್ರ್ಯಾಕ್ ಹಾಡಿಸುತ್ತಾರೆ. ಆ ಹಾಡು ಸೆಟ್ಟಿಗೆ ಬರುವುದು ಸ್ಪೀಕರ್‌ನಲ್ಲಿ ಹಾಕುವುದಕ್ಕೆ. ನಟರು ತುಟಿ ಆಡಿಸುತ್ತಾರೆ, ನೃತ್ಯ ನಿರ್ದೇಶಕರು ಎಣಿಸುತ್ತಾರೆ, ಅಷ್ಟೇ. ಅಂಥ ಜಾಗಕ್ಕೆ ಹೊಸ ಟ್ಯೂನ್ ಹಿಡಿದುಕೊಂಡು ಹೋಗುವುದು ಅಂದರೆ ರಿಲೀಸ್ ದಿನ ಬೆಳಗ್ಗೆ ಹೊಸ ರಿಕ್ವೈರ್‌ಮೆಂಟ್ ಹಿಡಿದುಕೊಂಡು ಬಂದ ಹಾಗೆ. ಎಷ್ಟೇ ಒಳ್ಳೆಯದಿರಲಿ, ಆ ದಿನ ಅದನ್ನ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲ್ಲ.

ಈ ಸಿನಿಮಾ ಬೇಡ, ಮುಂದಿನ ಸಿನಿಮಾಗಾದರೂ ಪರಿಚಯ ಬೇಕಲ್ಲ ಅನ್ನಬಹುದು. ಸರಿ, ಸೆಟ್ಟಿನಲ್ಲಿ ಯಾರಿರುತ್ತಾರೆ ನೋಡಿ. ನಿರ್ದೇಶಕರ ಕಣ್ಣು ಮಾನಿಟರ್ ಮೇಲೆ, ತಲೆಯಲ್ಲಿ ಸಂಜೆಯ ಬೆಳಕು ಹೋಗುವುದರೊಳಗೆ ಎಷ್ಟು ಶಾಟ್ ಮುಗಿಸಬೇಕು ಅನ್ನುವ ಲೆಕ್ಕ. ನಿರ್ಮಾಪಕರ ತಲೆಯಲ್ಲಿ ಆ ದಿನದ ಖರ್ಚು. ಸಂಗೀತ ನಿರ್ದೇಶಕರು ಅಲ್ಲಿ ಇರುವುದೇ ಅಪರೂಪ. ಬಿಡುವಾಗಿ ಕೂತು ನಿಮ್ಮ ಜೊತೆ ಮಾತಾಡುವವರು ಯಾರು? ಯಾರ ಮಾತು ಅಲ್ಲಿ ನಡೆಯಲ್ಲವೋ ಅವರು. ಇದರಲ್ಲಿ ಒಂದು ವಿನಾಯಿತಿ ಇದೆ: ಸಹಾಯಕ ನಿರ್ದೇಶಕ. ಇವತ್ತು ಕ್ಲ್ಯಾಪ್ ಹಿಡಿದು, ಬೈಸಿಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಊಟ ಮಾಡುವ ಆ ಹುಡುಗನೇ ಐದು ವರ್ಷ ಬಿಟ್ಟು ನಿರ್ದೇಶಕ ಆಗಬಹುದು.

ಇದಕ್ಕೆ ನಮ್ಮಲ್ಲಿ ಬಹಳ ಒಳ್ಳೆಯ ಉದಾಹರಣೆ ಇದೆ. 1975ರಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ' ಮಾಡಿದಾಗ ಅದಕ್ಕೆ ಸಹಾಯಕನಾಗಿ ದುಡಿದವರು ಆಗಿನ್ನೂ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದ ಗಿರೀಶ್ ಕಾಸರವಳ್ಳಿ. ಎರಡು ವರ್ಷ ಬಿಟ್ಟು ಕಾಸರವಳ್ಳಿ ತಮ್ಮ ಮೊದಲ ಸಿನಿಮಾ 'ಘಟಶ್ರಾದ್ಧ' ಮಾಡಿದರು. ಸಂಗೀತ ಬಿ.ವಿ. ಕಾರಂತರದ್ದು. ಆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಸೆಟ್ಟಿನ ಪರಿಚಯದಿಂದ ಸಿನಿಮಾಗೆ ಸಂಗೀತ ಸಿಕ್ಕಿದ್ದು ಅಂದರೆ ಇದೇ ಅಲ್ಲವಾ? ಹೌದು. ಆದರೆ ಅಲ್ಲಿ ಆದದ್ದೇನು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. 'ಚೋಮನ ದುಡಿ'ಯಲ್ಲಿ ದುಡಿಯ ಸದ್ದು ಆಮೇಲೆ ಅಂಟಿಸಿದ್ದಲ್ಲ. ಚೋಮನ ಸಿಟ್ಟು, ದುಃಖ, ಕುಡಿತ ಎಲ್ಲವೂ ಆ ದುಡಿಯಲ್ಲೇ ಹೊರಗೆ ಬರಬೇಕು. ಅದಿಲ್ಲದೆ ಕಥೆಯೇ ಇಲ್ಲ. ಅಂಥ ಸಿನಿಮಾದ ಕೆಲಸದ ಒಳಗೆ ಇದ್ದ ಸಹಾಯಕನಿಗೆ, ಸದ್ದು ಅಂದರೆ ಕಾರಂತರಿಗೆ ಏನು ಅನ್ನುವುದು ದಿನಾ ಕಣ್ಣೆದುರಿಗೆ ಕಾಣುತ್ತಿತ್ತು. ವಿಸಿಟಿಂಗ್ ಕಾರ್ಡ್ ಕೊಟ್ಟು ಆದ ಪರಿಚಯ ಅಲ್ಲ ಅದು.

ನಮ್ಮ ಇನ್ನುಳಿದ ಕಥೆಗಳೂ ಹೆಚ್ಚುಕಮ್ಮಿ ಹೀಗೇ ಇವೆ. ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ನಾಟಕ, ಭಾವಗೀತೆ ಅಂತ ಓಡಾಡಿಕೊಂಡಿದ್ದವರು. ಸಿನಿಮಾ ಸಂಗೀತಕ್ಕೆ ಬಂದದ್ದು ಮಾಸ್ತಿಯವರ ನಾಟಕ ಆಧರಿಸಿ ಸಿ.ಆರ್. ಸಿಂಹ ಮಾಡಿದ 'ಕಾಕನ ಕೋಟೆ'ಯಿಂದ, 1977ರಲ್ಲಿ. ಶಿವಮೊಗ್ಗ ಸುಬ್ಬಣ್ಣ ವಕೀಲರು. ಕಂಬಾರರ 'ಕಾಡುಕುದುರೆ'ಗೆ ಹಾಡಿ ರಾಷ್ಟ್ರಪ್ರಶಸ್ತಿ ತೆಗೆದುಕೊಂಡರು. ಅವರ ದನಿ ಅಷ್ಟರಲ್ಲಾಗಲೇ ಕವಿಗಳ ನಡುವೆ ಪಳಗಿದ ದನಿ. ನಮ್ಮಂಥ ಟೆಕ್ಕಿಗಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಮನೋಮೂರ್ತಿ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ತಂತ್ರಜ್ಞಾನದ ವ್ಯವಹಾರದಲ್ಲಿದ್ದವರು 1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ'ಗೆ ಸಂಗೀತ ಕೊಟ್ಟರು. 'ಮುಂಗಾರು ಮಳೆ' ಬಂದದ್ದು 2006ರ ಕೊನೆಗೆ. ನಡುವೆ ಒಂಬತ್ತು ವರ್ಷ. ಅದೇ ನಾಗತಿಹಳ್ಳಿಯವರ ಜೊತೆ 'ನನ್ನ ಪ್ರೀತಿಯ ಹುಡುಗಿ', 'ಅಮೃತಧಾರೆ' ಅಂತ ಕೆಲಸ ಮಾಡಿಕೊಂಡೇ ಬಂದಿದ್ದರು. 2007ರಲ್ಲಿ ಅವರನ್ನ ರಾತ್ರೋರಾತ್ರಿ ಹುಟ್ಟಿದವರ ಹಾಗೆ ಮಾತಾಡಿಕೊಂಡವರಿಗೆ ಆ ಒಂಬತ್ತು ವರ್ಷ ಕಂಡಿರಲಿಲ್ಲ. ಇನ್ನು ಅನೂಪ್ ಭಂಡಾರಿ. 'ರಂಗಿತರಂಗ'ದಲ್ಲಿ ತಮ್ಮ ಹಾಡು ಬರಬೇಕು ಅಂತ ಯಾರ ಸೆಟ್ಟಿಗೂ ಹೋಗಲಿಲ್ಲ. ಕಥೆ ತಾವೇ ಬರೆದು, ಸಾಹಿತ್ಯ ತಾವೇ ಬರೆದು, ಹಾಡೂ ತಾವೇ ಮಾಡಿ, ಸಿನಿಮಾವನ್ನೂ ತಾವೇ ನಿರ್ದೇಶಿಸಿಬಿಟ್ಟರು. ಪರಿಚಯದ ಸಮಸ್ಯೆಗೆ ಇದಕ್ಕಿಂತ ಪಕ್ಕಾ ಪರಿಹಾರ ಇಲ್ಲ. ಎಲ್ಲರ ಕೈಲಾಗುವ ಕೆಲಸ ಅಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ಯಾರ ಪರಿಚಯವೂ ಇಲ್ಲದವನು ಹಿಂದೆಲ್ಲ ಹೇಗೆ ಒಳಗೆ ಹೋಗುತ್ತಿದ್ದ? ಇದನ್ನ ಯೋಚಿಸಿದಾಗಲೇ ನನಗೆ ಈ ಸೆಟ್ ಉಪದೇಶ ಎಲ್ಲಿಂದ ಹುಟ್ಟಿತು ಅಂತ ಹೊಳೆದದ್ದು. ಆಗ ಹಾಡು ರೆಕಾರ್ಡ್ ಮಾಡಬೇಕು ಅಂದರೆ ಒಂದು ದೊಡ್ಡ ಹಾಲ್‌ನಲ್ಲಿ ಹತ್ತಾರು ವಾದ್ಯಗಾರರು ಒಟ್ಟಿಗೆ ಕೂರಬೇಕಿತ್ತು. ಪಿಟೀಲಿನವರು, ತಬಲಾದವರು, ಕೊಳಲಿನವರು, ಗಿಟಾರಿನವರು. ಕನ್ನಡದ ಹಾಡುಗಳಿಗೂ ಬಹಳ ಕಾಲ ಮದ್ರಾಸೇ ಗತಿಯಾಗಿತ್ತು. ಜಿ.ಕೆ. ವೆಂಕಟೇಶ್ ಅವರ ಹತ್ತಿರ ಗಿಟಾರ್ ನುಡಿಸಿಕೊಂಡು, ಸಹಾಯಕನಾಗಿ ಕನ್ನಡ ಸಿನಿಮಾಗಳಿಗೆ ದುಡಿದ ಹಳ್ಳಿಯ ಹುಡುಗನೇ ಆಮೇಲೆ ಇಳಯರಾಜ ಆದದ್ದು. 1976ರಲ್ಲಿ 'ಅನ್ನಕ್ಕಿಳಿ' ಸಿಗುವ ಹೊತ್ತಿಗೆ ಆ ಕೈಯ ನುಡಿಸಾಣಿಕೆಯನ್ನ ಎಷ್ಟೋ ಜನ ಎಷ್ಟೋ ದಿನ ಕೇಳಿಯಾಗಿತ್ತು. ವಿಜಯಭಾಸ್ಕರ್ ಅವರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸಿದವರಲ್ಲಿ ಮುಂದೆ ಎ.ಆರ್. ರೆಹಮಾನ್ ಆದ ಹುಡುಗನೂ ಇದ್ದ.

ಅದೂ ಪರಿಚಯವೇ. ಆದರೆ ಕಿವಿಯ ಪರಿಚಯ. ಆ ಹಾಲ್‌ನಲ್ಲಿ ನೀವು ಯಾರ ಮಗ, ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಅನ್ನೋದಕ್ಕಿಂತ ನಿಮ್ಮ ಬಾರಿ ಬಂದಾಗ ಶ್ರುತಿ ಬಿಟ್ಟಿರಾ ಅನ್ನೋದು ಮುಖ್ಯವಾಗುತ್ತಿತ್ತು. ತಪ್ಪು ಮಾಡಿದರೆ ಎಲ್ಲರೂ ಮೊದಲಿಂದ ನುಡಿಸಬೇಕು. ಚೆನ್ನಾಗಿ ನುಡಿಸಿದರೆ ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತೆ. ಕಂಪ್ಯೂಟರ್ ಬಂತು, ಒಬ್ಬರ ನಂತರ ಒಬ್ಬರು ಬೇರೆ ಬೇರೆ ಟ್ರ್ಯಾಕ್ ನುಡಿಸಿ ಹೋಗುವುದು ಬಂತು, ಆಮೇಲೆ ನುಡಿಸುವವರೇ ಬೇಡವಾದರು. ಒಂದು ಲ್ಯಾಪ್‌ಟಾಪ್, ಒಂದು ಸೌಂಡ್ ಲೈಬ್ರರಿ, ಒಬ್ಬ ಮನುಷ್ಯ. ನಾನೂ ಅಂಥ ಲ್ಯಾಪ್‌ಟಾಪಿನಲ್ಲೇ ಹಾಡು ಮಾಡುವವನು, ಅದನ್ನ ಬೈಯುವ ಹಕ್ಕು ನನಗಿಲ್ಲ. ನಮ್ಮಂಥವರು ಹಾಡು ಮಾಡುವುದು ಸಾಧ್ಯವಾದದ್ದೇ ಅದರಿಂದ. ಆದರೆ ಹಾಡು ಮಾಡುವುದು ಸುಲಭವಾದಾಗಲೇ ಇನ್ನೊಬ್ಬರ ಕಿವಿಗೆ ಬೀಳುವ ಆ ಹಾಲ್ ಇಲ್ಲವಾಯಿತು. ಹೊಸಬ ಹೋಗಬಹುದಾದ ಜಾಗ ಅಂತ ಉಳಿದದ್ದು ಶೂಟಿಂಗ್ ಸೆಟ್. ಅಲ್ಲಿ ನೀವು ಕಾಣುತ್ತೀರಿ, ಕೇಳಿಸುವುದಿಲ್ಲ.

ನಮ್ಮ ಐಟಿ ಕಂಪನಿಗಳಲ್ಲಿ ರೆಫರಲ್ ಅಂತ ಇದೆಯಲ್ಲ, ಅದನ್ನೂ ಜನ ಬೈಯುತ್ತಾರೆ. ಆದರೆ ರೆಫರಲ್ ಇದ್ದವನ ರೆಸ್ಯೂಮೆ ಮೇಲಕ್ಕೆ ಬರುತ್ತೆ ಅಷ್ಟೇ, ಇಂಟರ್‌ವ್ಯೂ ತಪ್ಪಲ್ಲ. ಕೋಡ್ ಬರೆಯೋಕೆ ಬರದಿದ್ದರೆ ಮಾವನೇ ಮ್ಯಾನೇಜರ್ ಆದರೂ ಮೂರನೇ ರೌಂಡಲ್ಲಿ ಮನೆಗೆ ಕಳಿಸುತ್ತಾರೆ (ಬಹುತೇಕ). ಸಿನಿಮಾ ಸಂಗೀತದಲ್ಲಿ ಈಗ ರೆಫರಲ್ಲೇ ಇಂಟರ್‌ವ್ಯೂ ಆಗಿದೆ. 'ಒಳ್ಳೆ ಹುಡುಗ, ಜೊತೆಗಿರ್ತಾನೆ, ದುಡ್ಡು ಕೇಳಲ್ಲ' ಅನ್ನುವ ಮೂರು ಗುಣಗಳಲ್ಲಿ ಒಂದೂ ಸಂಗೀತಕ್ಕೆ ಸಂಬಂಧಪಟ್ಟದ್ದಲ್ಲ.

ಮತ್ತೆ ಈ 'ಜೊತೆಗಿರೋದು' ಯಾರಿಗೆ ಸಾಧ್ಯ? ಬೆಳಗ್ಗೆ ಆರಕ್ಕೆ ಯೂನಿಟ್ ಬಸ್ಸು ಹತ್ತಿ ರಾತ್ರಿ ಪ್ಯಾಕಪ್ ತನಕ ಸಂಬಳವಿಲ್ಲದೆ ನಿಲ್ಲಬಲ್ಲವರಿಗೆ. ಮನೆ ಬಾಡಿಗೆ ಅಪ್ಪ ಕಟ್ಟುವವರಿಗೆ. ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕಾದವನಿಗೆ ಆಗಲ್ಲ. ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಕನ್ನಡದ ಸಂಗೀತ ನಿರ್ದೇಶಕಿಯರ ಹೆಸರು ಹೇಳಿ ಅಂದರೆ ನಾವೆಲ್ಲ ತಡವರಿಸುತ್ತೇವೆ. ಹಾಡುವವರು ಬೇಕಾದಷ್ಟು, ರಾಗ ಹಾಕುವವರು ಬಹಳ ಕಮ್ಮಿ. ರಾತ್ರಿ ಪ್ಯಾಕಪ್ ಆದ ಮೇಲೆ ಯಾರದೋ ರೂಮಲ್ಲಿ ನಡೆಯುವ ಮಾತುಕತೆಯಲ್ಲೇ ಮುಂದಿನ ಸಿನಿಮಾ ತೀರ್ಮಾನ ಆಗುವುದಾದರೆ ಇದು ಹೀಗಲ್ಲದೆ ಬೇರೆ ಹೇಗಿರುತ್ತೆ?

ಸೆಟ್ಟಿನಲ್ಲಿ ನಿಂತರೂ ಸಂಗೀತ ಸಿನಿಮಾಗೆ ಹೋಗುವುದಿಲ್ಲ ಅನ್ನೋದಕ್ಕೆ ನಮ್ಮೂರಲ್ಲೇ ಒಂದು ಪುರಾವೆ ಇದೆ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಕೆಲವು ವರ್ಷದ ಹಿಂದೆ ಒಂದು ಸಿನಿಮಾದ ಶೂಟಿಂಗ್ ಆಯಿತು. ಜಾತ್ರೆಯ ಹಾಡು. ನಮ್ಮೂರ ತಮಟೆ ಮೇಳದ ಐದು ಜನರನ್ನ ದಿನದ ಬಾಟಾ ಮಾತಾಡಿ ಕರೆಸಿದರು. ಅವರು ಎಂದಿನಂತೆ ಬೇಗ ಹೋಗಿ, ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆ ಕಾಯಿಸಿಕೊಂಡು ಸದ್ದು ಸರಿ ಮಾಡಿಕೊಳ್ಳುತ್ತಾ ಕೂತರು. ಒಬ್ಬ ಸಹಾಯಕ ನಿರ್ದೇಶಕ ಬಂದು, "ಕಾಯಿಸೋದೇನೂ ಬೇಡ ಯಜಮಾನ್ರೇ, ಹಾಡು ಸ್ಪೀಕರ್‌ನಲ್ಲಿ ಬರುತ್ತೆ, ನೀವು ಹೊಡೆದ ಹಾಗೆ ಮಾಡಿ ಸಾಕು" ಅಂದ. ಮೇಳದ ಹಿರಿಯರು ನನಗೆ ಇದನ್ನ ಹೇಳುವಾಗ ನಗುತ್ತಲೇ ಹೇಳಿದರು. "ಹೊಡೆದ ಹಾಗೆ ಮಾಡೋದು ಹೊಡೆಯೋದಕ್ಕಿಂತ ಕಷ್ಟ ಕಣಪ್ಪಾ. ಕೈ ಕೇಳಬೇಕಲ್ಲ."

ಸಿನಿಮಾ ಬಂದಾಗ ತಾಲ್ಲೂಕಿನ ಥಿಯೇಟರಿಗೆ ಹೋಗಿ ನೋಡಿದೆವು. ಐದೂ ಜನ ಚೆನ್ನಾಗಿ ಕಾಣುತ್ತಾರೆ. ಕೈ ಒಂದು ತಾಳ ಹೇಳುತ್ತೆ, ಕಿವಿಗೆ ಇನ್ನೊಂದು ಬರುತ್ತೆ. ಕೇಳಿಸಿದ್ದು ಕಂಪ್ಯೂಟರ್ ಲೂಪ್, ಅದೂ ನಮ್ಮ ಸೀಮೆಯ ನಡೆ ಅಲ್ಲ. ಅಲ್ಲಿನ ಜನಕ್ಕೆ ಅದು ತಕ್ಷಣ ಗೊತ್ತಾಯಿತು. ಹಿಂದಿನ ಸಾಲಿನಿಂದ ಒಬ್ಬರು "ಇದ್ಯಾವೂರ ಹಬ್ಬಾನೋ!" ಅಂತ ಕೂಗಿಯೇಬಿಟ್ಟರು. ಹಾಡು ಮೊದಲೇ ಮುಗಿದಿತ್ತು, ಸೆಟ್ಟಿನಲ್ಲಿ ಏನೂ ಮಾಡುವ ಹಾಗಿರಲಿಲ್ಲ ಅನ್ನುವ ತಾಂತ್ರಿಕ ಕಾರಣ ನನಗೆ ಅರ್ಥವಾಗುತ್ತೆ. ಆದರೆ ಆ ಹಾಡಿನ ಸಂಗೀತ ನಿರ್ದೇಶಕರು ಒಂದು ದಿನ, ಒಂದೇ ಒಂದು ದಿನ ಮೊದಲೇ ಬಂದು ತಮಟೆ ಕೇಳಿ ಹೋಗಿದ್ದರೆ? ಪಯಣ ಆಗಬೇಕಾದದ್ದು ಆ ಕಡೆಯಿಂದ. ತಮಟೆಯವರು ಹೋಗಿ ಸೆಟ್ಟಿನಲ್ಲಿ 'ನೆಟ್‌ವರ್ಕಿಂಗ್' ಮಾಡಬೇಕು ಅನ್ನೋದು ಹಾಸ್ಯ.

ಆ ಕಡೆಯಿಂದ ಹೊರಟು ಬಂದವರೂ ಇದ್ದಾರೆ. ಪವನ್ ಕುಮಾರ್ 2013ರಲ್ಲಿ ಜನರಿಂದಲೇ ಹಣ ಸೇರಿಸಿ 'ಲೂಸಿಯಾ' ಮಾಡಿದಾಗ ಪೂರ್ಣಚಂದ್ರ ತೇಜಸ್ವಿ ಸಂಗೀತದಲ್ಲಿ ನವೀನ್ ಸಜ್ಜು ಅವರ ದನಿ ಬಂತು. ಮೈಸೂರು ಸೀಮೆಯ ಮಣ್ಣಿನ ದನಿ, ಪಾಲಿಶ್ ಹಾಕದೆ ಹಾಗೇ ಬಿಟ್ಟದ್ದು. ನನಗೆ ಆ ಸಿನಿಮಾದ ಕಥೆಯ ಗಂಟುಗಳಿಗಿಂತ ಆ ದನಿಯೇ ಹೆಚ್ಚು ನೆನಪಿದೆ. 'ಸಲಗ'ದ ಪ್ರಚಾರ ಗೀತೆಯಲ್ಲಿ ಉತ್ತರ ಕನ್ನಡದ ಸಿದ್ದಿ ಸಮುದಾಯದವರ ದನಿ ಕೇಳಿದಾಗಲೂ ಹಾಗೇ ಅನ್ನಿಸಿತ್ತು. ಇನ್ನೊಂದು ಕಡೆ 'ಟಗರು' ನೋಡಿ. ಅದರ ಟೈಟಲ್ ಹಾಡು ನನಗೆ ಬಹಳ ಇಷ್ಟ, ಚರಣ್ ರಾಜ್ ಕಟ್ಟಿದ ರೀತಿ ಅದ್ಭುತ. ಹಾಡಿದವರು ತಮಿಳುನಾಡಿನ ಜನಪದ ಗಾಯಕ ಆಂಥೋನಿ ದಾಸನ್. ಅವರ ಬಗ್ಗೆ ಒಂದು ಮಾತಿಲ್ಲ, ಆ ಗಂಟಲಿಗೆ ಸಾಟಿ ಕಮ್ಮಿ. ನನ್ನ ಪ್ರಶ್ನೆ ನಮ್ಮ ವ್ಯವಸ್ಥೆಗೆ. ಆಂಥೋನಿ ದಾಸನ್ ಇದ್ದಾರೆ ಅಂತ ಬೆಂಗಳೂರಿನ ಸ್ಟುಡಿಯೋಗಳಿಗೆ ಗೊತ್ತಿದೆ, ಯಾಕಂದರೆ ತಮಿಳು ಸಿನಿಮಾ ಅವರನ್ನ ಮೊದಲೇ ಕೇಳಿಸಿಕೊಂಡಿತ್ತು. ಮಂಟೇಸ್ವಾಮಿ ಕಾವ್ಯ ರಾತ್ರಿಯಿಡೀ ಹಾಡುವ ನೀಲಗಾರರ ಗಂಟಲಿನಲ್ಲಿ ಅಂಥ ಎಷ್ಟು ಹಾಡಿದ್ದಾವು ಅಂತ ಇಲ್ಲಿ ಯಾರು ಹೋಗಿ ಕೇಳಿದ್ದಾರೆ?

ಇನ್ನು ಗೆಳೆತನದಿಂದಲೇ ಬಂದ ಸಂಗೀತದ ಗುಣ. ನಿರ್ದೇಶಕ–ಸಂಗೀತ ನಿರ್ದೇಶಕ ಒಂದೇ ತಟ್ಟೆಯಲ್ಲಿ ಉಂಡವರಾದರೆ ಒಳ್ಳೆಯದೂ ಆಗುತ್ತೆ. ಪುಟ್ಟಣ್ಣ ಕಣಗಾಲ್ ಮತ್ತು ವಿಜಯಭಾಸ್ಕರ್, 'ಬೆಳ್ಳಿಮೋಡ'ದಿಂದ 'ಶರಪಂಜರ', 'ನಾಗರಹಾವು' ತನಕ. ಈಚೆಗೆ ರಾಜ್ ಬಿ. ಶೆಟ್ಟಿ ಮತ್ತು ಮಿಥುನ್ ಮುಕುಂದನ್. 'ಒಂದು ಮೊಟ್ಟೆಯ ಕಥೆ' ಕಮ್ಮಿ ದುಡ್ಡಿನ ಸಣ್ಣ ಸಿನಿಮಾ, ಸಂಗೀತವೂ ಅಷ್ಟೇ ಮೆತ್ತಗೆ ತಮಾಷೆ ಮಾಡುತ್ತೆ. ನಾಲ್ಕು ವರ್ಷ ಬಿಟ್ಟು 'ಗರುಡ ಗಮನ ವೃಷಭ ವಾಹನ'ದಲ್ಲಿ ಅದೇ ಇಬ್ಬರು ಮೈ ಜುಂ ಅನ್ನಿಸುವ ಕೆಲಸ ಮಾಡಿದರು. ಇಂಥಲ್ಲಿ ಗೆಳೆತನ ಸಂಗೀತಕ್ಕೆ ಧೈರ್ಯ ಕೊಟ್ಟಿದೆ.

ಆದರೆ ಹೆಚ್ಚಿನ ಕಡೆ ಆಗುವುದು ಉಲ್ಟಾ. ಹೊಸ ಪರಿಚಯದಲ್ಲಿ ಬಂದವನು 'ಇದು ಬೇಡ ಸರ್, ಈ ಜಾಗದಲ್ಲಿ ಹಾಡೇ ಬೇಡ' ಅನ್ನಲಾರ. ನಿರ್ದೇಶಕರು ಯಾವುದೋ ಹಿಟ್ ಹಾಡಿನ ರೆಫರೆನ್ಸ್ ಕೊಟ್ಟು 'ಇದೇ ಥರ' ಅಂದರೆ ಇದೇ ಥರ ಮಾಡಿಕೊಡುತ್ತಾನೆ. ಎಡಿಟಿಂಗ್ ರೂಮಿನಲ್ಲೂ ಇದೇ ಕಥೆ. ಸದ್ಯಕ್ಕೆ ಅಂತ ಯಾವುದೋ ಇಂಗ್ಲಿಷ್ ಸಿನಿಮಾದ ಮ್ಯೂಸಿಕ್ ಹಾಕಿಕೊಂಡು ಎಡಿಟ್ ಮಾಡುತ್ತಾರೆ. ಎರಡು ತಿಂಗಳು ಅದನ್ನೇ ಕೇಳಿ ಕೇಳಿ ಕಿವಿ ಅದಕ್ಕೇ ಒಗ್ಗಿಹೋಗಿರುತ್ತೆ. ಆಮೇಲೆ ಬರುವ ಹೊಸಬನಿಗೆ ಉಳಿಯುವ ಕೆಲಸ, ಕಾಪಿ ಅಂತ ಗೊತ್ತಾಗದ ಹಾಗೆ ಕಾಪಿ ಮಾಡುವುದು. 'ಮುಂಗಾರು ಮಳೆ' ಆದ ಮೇಲಿನ ನಾಲ್ಕೈದು ವರ್ಷದ ಹಾಡುಗಳನ್ನ ಒಂದಾದ ಮೇಲೊಂದು ಹಾಕಿಕೊಂಡು ಕೇಳಿ ನೋಡಿ. ಅದೇ ನಿಧಾನದ ನಡೆ, ಅದೇ ಮಳೆ, ಮುಂಬೈಯಿಂದ ಬಂದು ಕನ್ನಡದ ಳಕಾರಕ್ಕೆ ಹೆದರುವ ಅದೇ ದನಿಗಳು. ಆ ಸಿನಿಮಾದ ಹಾಡುಗಳ ತಪ್ಪಲ್ಲ ಇದು. ಅವು ಬಂದಾಗ ಹೊಸದಾಗೇ ಇದ್ದವು. ಬೇಡ ಅನ್ನುವ ಶಕ್ತಿ ಇಲ್ಲದ ಹುಡುಗರನ್ನೇ ಹುಡುಕಿ ಹುಡುಕಿ ಕೆಲಸ ಕೊಟ್ಟವರ ತಪ್ಪು.

ಸೆಟ್ಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ಒಂದು ಸಣ್ಣ ಬಾಗಿಲು ಅಲ್ಲಿ ನಿಜವಾಗಿಯೂ ಇದೆ. ಟೀ ಅಂಗಡಿಯ ದೃಶ್ಯ, ಹಿಂದೆ ರೇಡಿಯೋ ಹಾಡಬೇಕು. ಮದುವೆ ಮನೆ, ಬ್ಯಾಂಡಿನವರು ಏನೋ ಬಾರಿಸಬೇಕು. ದೇವಸ್ಥಾನದ ಮೈಕಿನಲ್ಲಿ ಭಕ್ತಿಗೀತೆ ಬರಬೇಕು. ಇವೆಲ್ಲ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಇರುತ್ತೆ, ಸೆಟ್ಟಿಗೆ ಬಂದ ಮೇಲೇ ಯಾರಿಗೋ ನೆನಪಾಗುತ್ತೆ. ಹಳೆಯ ಸಿನಿಮಾ ಹಾಡು ಹಾಕೋಣ ಅಂದರೆ ಆಡಿಯೋ ಕಂಪನಿಯ ಒಪ್ಪಿಗೆ ಬೇಕು, ದುಡ್ಡು ಬೇಕು. 'ಕಿರಿಕ್ ಪಾರ್ಟಿ' ಬಿಡುಗಡೆ ಹೊತ್ತಿಗೆ 'ಶಾಂತಿ ಕ್ರಾಂತಿ'ಯ ಹಾಡಿನ ವಿಷಯವಾಗಿ ಲಹರಿ ಸಂಸ್ಥೆ ಕೋರ್ಟಿಗೆ ಹೋದ ಮೇಲಂತೂ ಎಲ್ಲರಿಗೂ ಸ್ವಲ್ಪ ಹೆದರಿಕೆ ಇದೆ. ಇಂಥ ಅರ್ಧ ನಿಮಿಷದ ಜಾಗಕ್ಕೆ, ಯಾರ ಹಂಗೂ ಇಲ್ಲದ, ಎಂಬತ್ತರ ದಶಕದ ಥರ ಕೇಳಿಸುವ ಒಂದು ಸ್ವಂತ ಹಾಡು ನಿಮ್ಮ ಹತ್ತಿರ ತಯಾರಿದ್ದರೆ ಅದನ್ನ ಸಹಾಯಕ ನಿರ್ದೇಶಕ ಖುಷಿಯಿಂದ ತೆಗೆದುಕೊಳ್ಳುತ್ತಾನೆ. ಹೆಸರು ಬರುವುದು ಕೊನೆಯಲ್ಲಿ, ಜನ ಎದ್ದು ಹೋಗುತ್ತಿರುವಾಗ. ಆದರೂ ಅದು ಹಾಡು ಕೇಳಿ ತೆಗೆದುಕೊಂಡದ್ದು, ಮುಖ ನೋಡಿ ಅಲ್ಲ.

ಅಲ್ಲೂ ಸಹ ಒಂದು ಕಾಗದ ಬೇಕು. ಪರಿಚಯದ ಲೋಕದಲ್ಲಿ ಕಾಗದ ಕೇಳುವುದು ಅವಮಾನ. "ನನ್ನ ಮೇಲೆ ನಂಬಿಕೆ ಇಲ್ವಾ ಮಗಾ?" ಅನ್ನುವ ಒಂದು ಪ್ರಶ್ನೆಗೆ ಎಷ್ಟು ಹಾಡುಗಳು ಬಲಿಯಾಗಿವೆಯೋ. ಕಾನೂನು ಮಾತ್ರ ನಮ್ಮ ಪರವಾಗೇ ಇದೆ. ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿ ಹಾಕಿ ಆಗಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ 5 ವರ್ಷ ಅಂತ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ ಸಿನಿಮಾಗೆ ಹಾಡು ಬರೆದವರು, ರಾಗ ಹಾಕಿದವರು ರಾಯಲ್ಟಿಯ ಸಮಪಾಲನ್ನ ನಿರ್ಮಾಪಕರಿಗೆ ಬರೆದುಕೊಡುವ ಹಾಗೇ ಇಲ್ಲ, ಬರೆದುಕೊಟ್ಟರೂ ನಡೆಯಲ್ಲ. ಥಿಯೇಟರಿನಲ್ಲಿ ಸಿನಿಮಾದ ಜೊತೆ ಓಡಿದ್ದಕ್ಕೆ ಸಿಗಲ್ಲ. ರೇಡಿಯೋ, ಟೀವಿ, ಆನ್‌ಲೈನ್, ಹೋಟೆಲು, ಅಂಗಡಿಗಳಲ್ಲಿ ಹಾಡಿದ್ದಕ್ಕೆ ಸಿಗಬೇಕು. ಅದನ್ನ ವಸೂಲಿ ಮಾಡಿ ಹಂಚಲು ಐಪಿಆರ್‌ಎಸ್ ಅಂತ ಸಂಸ್ಥೆ ಇದೆ. ಸೆಟ್ಟಿಗೆ ಹತ್ತು ದಿನ ಹೋಗುವವನು ಅರ್ಧ ದಿನ ಕೂತು ಅಲ್ಲಿ ಸದಸ್ಯ ಆಗಿರುವುದಿಲ್ಲ. ಇನ್ನು 'ಜನಪದ' ಅಂತ ಟೈಟಲ್ ಕಾರ್ಡಿನಲ್ಲಿ ಹಾಕಿ, ಯಾವುದೋ ಅಜ್ಜಿಯ ಸೋಬಾನೆ ಪದವನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದವನ ಹೆಸರಿನ ಮುಂದೆ 'ಸಂಗೀತ' ಅಂತ ಹಾಕುತ್ತಾರಲ್ಲ, ಆ ಅಜ್ಜಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕನಿಷ್ಠ ಊರಿನ ಹೆಸರು, ಹಾಡಿದವರ ಹೆಸರು ಹಾಕಿ, ಒಂದಿಷ್ಟು ದುಡ್ಡು ಕೈಗಿಟ್ಟು ಬರುವುದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ.

ಹೋದ ವರ್ಷ ನನ್ನ ಕಾಲೇಜು ಗೆಳೆಯನೊಬ್ಬ, ಈಗ ಸಹಾಯಕ ನಿರ್ದೇಶಕ, ಹದಿನಾರು ನಿಮಿಷದ ಒಂದು ಕಿರುಚಿತ್ರ ಮಾಡಿದ. ನನ್ನ ಒಂದು ಹಾಡು ಬೇಕು ಅಂದ. ದುಡ್ಡು ಇಲ್ಲ ಅಂತ ಅವನು ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡು ಹೋದೆ: ಈ ಕಿರುಚಿತ್ರಕ್ಕೆ ಮಾತ್ರ, ಮೂರು ವರ್ಷ, ಹಾಡಿನ ಹಕ್ಕು ನನ್ನದೇ, ಟೈಟಲ್ ಕಾರ್ಡಿನಲ್ಲಿ ಹೆಸರು, ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ. ಅವನು ಓದಿ ನಕ್ಕ, "ಏನೋ ಇದು, ನಮ್ಮಿಬ್ಬರ ಮಧ್ಯೆ" ಅಂದ. ಆಮೇಲೆ ಸಹಿ ಹಾಕಿದ. ಹಾಕಿದ ಮೇಲೆ ಹಾಳೆ ವಾಪಸ್ ಕೊಡುತ್ತಾ, ಅಷ್ಟು ದಿನ ಹೇಳದೇ ಇಟ್ಟುಕೊಂಡಿದ್ದ ಮಾತು ಹೇಳಿದ. "ಎರಡನೇ ಚರಣ ಉದ್ದ ಆಯ್ತು ಕಣೋ. ಅಲ್ಲಿ ನನ್ನ ಪಾತ್ರ ಸುಮ್ನೆ ಬಸ್ಸಿಗೆ ಕಾಯ್ತಿದಾಳೆ. ಅಷ್ಟು ಹಾಡು ಅವಳಿಗೆ ಬೇಡ." ಮನೆಗೆ ಹೋಗಿ ಕೇಳಿ ನೋಡಿದೆ. ಎರಡನೇ ಚರಣ ತೆಗೆದು, ಬರೀ ತಂಬೂರಿ ಉಳಿಸಿ ಕಳಿಸಿದೆ.